ಕೈ ಆಡಿಸದ ಚಿತ್ರ

ನಮ್ಮ ಕಡೆಯ ಚಿತ್ರಕಲಾ ಶಿಕ್ಷಕರಲ್ಲಿ ಒಂದು ರೂಢಿಯಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರೂ ಮಾಡುತ್ತೇವೆ. ಮಕ್ಕಳು ಬರೆದ ಚಿತ್ರವನ್ನು ಸ್ಪರ್ಧೆಗೆ ಕಳಿಸುವ ಮುಂಚೆ ಅದರ ಮೇಲೆ ಒಮ್ಮೆ ‘ಕೈ ಆಡಿಸುತ್ತೇವೆ’. ಮೂಗು ಸೊಟ್ಟಗಿದ್ದರೆ ನೆಟ್ಟಗಾಗುತ್ತದೆ, ಬಿಳಿಯಾಗಿ ಉಳಿದ ಮೂಲೆಗೆ ಬಣ್ಣ ಬೀಳುತ್ತದೆ, ಎತ್ತಿಗೆ ಐದನೆಯ ಕಾಲು ಬಂದಿದ್ದರೆ ಅದು ಗಿಡವಾಗಿಬಿಡುತ್ತದೆ. ಬಹುಮಾನ ಬಂದರೆ ಹುಡುಗರಿಗೆ ಪ್ರಮಾಣಪತ್ರ, ಶಾಲೆಗೆ ಶೀಲ್ಡು, ನಮಗೆ ಸ್ಟಾಫ್ ರೂಮಿನಲ್ಲಿ ಒಂದು ವಾರದ ಮರ್ಯಾದೆ.

ಹೀಗೆ ವರ್ಷಗಟ್ಟಲೆ ಕೈ ಆಡಿಸಿ ಆಡಿಸಿ ಒಬ್ಬರ ಕೈ ಇನ್ನೊಬ್ಬರಿಗೆ ಗುರುತು ಸಿಕ್ಕಿಬಿಟ್ಟಿದೆ. ಗದಗಿನಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆಯಿದ್ದಾಗ ಹಗ್ಗಕ್ಕೆ ತೂಗುಹಾಕಿದ ಚಿತ್ರಗಳನ್ನು ನೋಡಿದರೆ ಸಾಕು, ಹಿಂದೆ ಬರೆದ ಊರಿನ ಹೆಸರು ಓದಬೇಕಿಲ್ಲ. ಲಕ್ಷ್ಮೇಶ್ವರದ ಮಾಸ್ತರರ ಮರಗಳೆಲ್ಲ ಬಲಕ್ಕೆ ವಾಲುತ್ತವೆ. ಶಿರಹಟ್ಟಿಯ ಡ್ರಾಯಿಂಗ್ ಅಕ್ಕೋರ ಶಾಲೆಯಿಂದ ಬಂದ ಸೂರ್ಯ ನಗದೇ ಇರುವುದಿಲ್ಲ. ಮುಂಡರಗಿಯವರ ಆಕಾಶ ಮೇಲೆ ಗಾಢ, ಕೆಳಗೆ ಬರಬರುತ್ತ ತೆಳು, ಎಲ್ಲೂ ಕುಂಚದ ಗೆರೆ ಕಾಣದು. ಬೆಟಗೇರಿಯ ನನ್ನ ಗುರುತು ಮನುಷ್ಯರ ಕೈ. ಗಿಣ್ಣು, ಉಗುರು, ಬೆರಳಿನ ಮಡಿಕೆ, ಯಾವುದೂ ತಪ್ಪುವುದಿಲ್ಲ. ಹದಿನಾಲ್ಕು ವರ್ಷದ ಹುಡುಗ ಬರೆದ ರೈತನ ಮುಖ ಬದನೆಕಾಯಿಯ ಹಾಗಿದ್ದು, ಕುಡುಗೋಲು ಹಿಡಿದ ಕೈ ಮಾತ್ರ ಅಚ್ಚು ಹಾಕಿದಂತಿದ್ದರೆ ಅದು ನಮ್ಮ ಶಾಲೆಯದೆಂದು ತಿಳಿಯಬೇಕು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸೊಟ್ಟ ಗೆರೆ ಕಂಡರೆ ತಡೆದುಕೊಳ್ಳಲಾರೆ. ಸಣ್ಣವನಿದ್ದಾಗ ಹೊಂಬಳದ ಶಾಲೆಯಲ್ಲಿ ನಾನು ಬರೆದ ಕೊಡ ಒಂದು ಕಡೆ ಉಬ್ಬಿತ್ತೆಂದು ಮಾಸ್ತರರು ಬೆರಳ ಗಿಣ್ಣಿನ ಮೇಲೆ ರೂಲುದೊಣ್ಣೆಯಿಂದ ಬಾರಿಸಿದ್ದರು. ಆ ಪೆಟ್ಟಿನಿಂದ ಕೊಡ ಬರೆಯುವುದನ್ನು ಕಲಿತೆನೋ ಇಲ್ಲವೋ, ಸೊಟ್ಟಗಿರುವುದೆಲ್ಲ ತಪ್ಪು ಎಂಬುದನ್ನಂತೂ ಕಲಿತೆ. ಮುಂದೆ ನೌಕರಿ ಸಿಕ್ಕ ಮೇಲೆ ನಾನು ಯಾರಿಗೂ ಹೊಡೆಯಲಿಲ್ಲ, ತಿದ್ದಿದೆ. ತಿದ್ದುವುದು ಹೊಡೆಯುವುದಕ್ಕಿಂತ ದೊಡ್ಡ ಉಪಕಾರವೆಂದೇ ಇಪ್ಪತ್ತಾರು ವರ್ಷ ನಂಬಿದ್ದೆ.

ಕಳೆದ ವರ್ಷ ಜೂನ್‌ನಲ್ಲಿ ಒಂಬತ್ತನೆಯ ತರಗತಿಗೆ ಮುಂಡರಗಿಯಿಂದ ಒಬ್ಬ ಹುಡುಗಿ ಬಂದು ಸೇರಿದಳು. ತಂದೆ ತಾಯಿ ಅಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಇವಳೊಬ್ಬಳನ್ನು ಬೆಟಗೇರಿಯ ನೇಕಾರರ ಓಣಿಯಲ್ಲಿದ್ದ ತಾಯಿಯ ತಾಯಿಯ ಮನೆಗೆ ಕಳಿಸಿದ್ದರು. ಯಾಕೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಜುಲೈ ತಿಂಗಳ ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅವಳು ನಿಂತಲ್ಲಿಂದ ಕಡಿದ ಬಾಳೆಗಿಡದಂತೆ ನೆಲಕ್ಕೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ಬಾಯಲ್ಲಿ ನೊರೆ ಬಂತು.

ಇಡೀ ಶಾಲೆ ಅವಳ ಸುತ್ತ ಉಂಗುರ ಕಟ್ಟಿ ನಿಂತಿತು. ನಾನು ಹುಡುಗರನ್ನು ಸರಿಸಿಕೊಂಡು ಒಳಗೆ ನುಗ್ಗಿ, ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು ಅವಳ ಮುಷ್ಟಿಯೊಳಗೆ ತುರುಕಿದೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ಕೊಟ್ಟದ್ದು ನೋಡಿ ಮತ್ತೆ ಮೂವರು ಶಿಕ್ಷಕರು ತಮ್ಮ ಬೈಕಿನ ಕೀಲಿಕೈಗಳನ್ನು ಚಾಚಿದರು. ಚಾಚಿದ ಯಾರೂ ಅವಳನ್ನು ಮುಟ್ಟಲಿಲ್ಲ. ಅದುರುವುದು ನಿಂತು ಕಣ್ಣು ಬಿಟ್ಟ ಮೇಲೆ ಅವಳು ತಾನೇ ಎದ್ದು, ತಾನೇ ಬಾಯಿ ಒರೆಸಿಕೊಂಡು, ದೂರ ಬಿದ್ದಿದ್ದ ಒಂದು ಚಪ್ಪಲಿಯನ್ನು ತಾನೇ ಹುಡುಕಿ ಮೆಟ್ಟಿಕೊಂಡಳು. ಕೀಲಿಕೈಯ ಹಲ್ಲು ತಾಗಿ ಅಂಗೈ ಸೀಳಿತ್ತು. ‘ಒಬ್ಬರಾದ್ರೂ ಬುದ್ಧಿ ಓಡಿಸಿದ್ರಿ’ ಎಂದು ಹೆಡ್ ಮಾಸ್ತರರು ನನ್ನ ಬೆನ್ನು ತಟ್ಟಿದರು. ನಾನು ಆ ದಿನವೆಲ್ಲ ಎದೆ ಸೆಟೆಸಿಕೊಂಡೇ ತಿರುಗಿದೆ.

ಮಧ್ಯಾಹ್ನ ಅವಳ ಅಜ್ಜಿ ಶಾಲೆಗೆ ಬಂದರು. ತೆಳ್ಳನೆಯ ಹೆಂಗಸು, ತಲೆಯ ಮೇಲೆ ಸೆರಗು, ಮಾತು ಖಡಕ್ಕು. ಮೊಮ್ಮಗಳ ಕೈಗೆ ಕಟ್ಟಿದ ಪಟ್ಟಿಯನ್ನು ಒಮ್ಮೆ ನೋಡಿ ಹೆಡ್ ಮಾಸ್ತರರಿಗೆ ಹೇಳಿದರು.

‘ಮುಂಡರಗಿ ಸಾಲ್ಯಾಗ ಹಿಂಗ ಬಿದ್ದಾಳಂತ ಇಲ್ಲಿ ತಂದು ಹಚ್ಚಿದ್ವಿ. ಇಲ್ಲೂ ಎಲ್ಲಾರಿಗೂ ಗೊತ್ತಾತು. ಇನ್ನೊಮ್ಮಿ ಮಂದಿ ನಡುವ ಬಿದ್ಲಂದ್ರ ಸಾಲಿ ಬಿಡಿಸಿ ಮನ್ಯಾಗ ಇಟ್ಗೋತೀನ್ರಿ. ಈಗ ಹೇಳಿಬಿಟ್ಟೀನಿ.’

ಹುಡುಗಿ ಅಜ್ಜಿಯ ಹಿಂದೆ ನೆಲ ನೋಡುತ್ತ ನಿಂತಿದ್ದಳು. ಮಾರನೆಯ ದಿನದಿಂದ ಅವಳ ಬೆಂಚಿನಲ್ಲಿ ಅವಳೊಬ್ಬಳೇ. ಪಕ್ಕದಲ್ಲಿ ಕೂಡುತ್ತಿದ್ದ ಉದ್ದ ಜಡೆಯ ಹುಡುಗಿ ಪಾಟೀಚೀಲ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋದಳು. ಬಿಸಿಯೂಟದ ಸಾಲಿನಲ್ಲಿ ಇವಳ ಹಿಂದೆ ಒಂದು ಮಾರು, ಮುಂದೆ ಒಂದು ಮಾರು ಜಾಗ. ಅಂಟುರೋಗವೆಂದು ಕೆಲವರು, ಗಾಳಿ ಹಿಡಿದಿದೆಯೆಂದು ಕೆಲವರು. ಅವಳು ಮಾತಾಡುವುದನ್ನೇ ಬಿಟ್ಟಳು. ಹಾಜರಿ ಕರೆದರೆ ಕೈ ಮಾತ್ರ ಎತ್ತುತ್ತಿದ್ದಳು. ನಾನು ಇದನ್ನೆಲ್ಲ ನೋಡಿದೆ. ನೋಡಿ, ಪಾಪ ಅಂದುಕೊಂಡು ನನ್ನ ಪಾಡಿಗೆ ಹಲಗೆಯ ಮೇಲೆ ಮಾವಿನಕಾಯಿ ಬರೆದೆ.

ಆಗಸ್ಟ್‌ನಲ್ಲಿ ವಾಟ್ಸಾಪಿಗೆ ಸುತ್ತೋಲೆ ಬಂತು. ಜಿಲ್ಲೆಯ ಪ್ರೌಢಶಾಲೆಗಳ ಮಕ್ಕಳಿಗೆ ಚಿತ್ರ ಸ್ಪರ್ಧೆ. ನಾನೂ ಇಲ್ಲಿಗೆ ಸೇರಿದವಳು, ಸೇರಿದವನು ಎಂಬ ಭಾವನೆ ಮತ್ತು ಮನಸ್ಸಿನ ಆರೋಗ್ಯ, ಇವು ವಿಷಯ. ಮಕ್ಕಳು ತಮ್ಮ ಚಿತ್ರದ ಪಕ್ಕ ನಿಂತು ತಾವೇ ಎರಡು ನಿಮಿಷ ಮಾತಾಡಬೇಕು. ಕೊನೆಯಲ್ಲಿ ಒಂದು ಸಾಲು: ಶಿಕ್ಷಕರು ಚಿತ್ರಗಳನ್ನು ತಿದ್ದತಕ್ಕದ್ದಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಆ ಸಾಲನ್ನು ಎರಡು ಸಲ ಓದಿದೆ. ಆಮೇಲೆ, ಇದು ಪ್ರತಿ ವರ್ಷ ಬರೆಯುವ ಸಾಲು, ಲಕ್ಷ್ಮೇಶ್ವರದವರೇನು ಮರ ವಾಲಿಸುವುದನ್ನು ಬಿಡುತ್ತಾರೆಯೇ ಎಂದು ಸಮಾಧಾನ ಮಾಡಿಕೊಂಡೆ.

ಒಂಬತ್ತನೆಯ ತರಗತಿಯವರು ಬರೆದದ್ದು ಊಹಿಸಿದ ಹಾಗೆಯೇ ಇತ್ತು. ಭೂಗೋಳದ ಸುತ್ತ ಕೈ ಹಿಡಿದು ಕುಣಿಯುವ ಮಕ್ಕಳು, ಕಾಮನಬಿಲ್ಲು, ಪಾರಿವಾಳ. ಹಾಳೆಗಳನ್ನು ಒಟ್ಟು ಮಾಡುತ್ತ ಹಿಂದಿನ ಬೆಂಚಿಗೆ ಬಂದಾಗ ಆ ಹುಡುಗಿ ನೋಟ್‌ಬುಕ್ಕಿನ ಅಡಿಯಿಂದ ತನ್ನ ಹಾಳೆ ಎಳೆದು ಮಗುಚಿ ಕೊಟ್ಟಳು. ಸ್ಟಾಫ್ ರೂಮಿನಲ್ಲಿ ಅದನ್ನು ತಿರುಗಿಸಿದವನು ಕುರ್ಚಿ ಹುಡುಕಿ ಕೂತೆ.

ಅದು ನೆಲದ ಮೇಲೆ ಮಲಗಿದವರಿಗೆ ಕಾಣುವ ಚಿತ್ರ. ಹಾಳೆಯ ಸುತ್ತಲೂ ಬೂಟು, ಚಪ್ಪಲಿ, ಸೀರೆಯ ಅಂಚು. ಅವುಗಳ ಮೇಲೆ ಗದ್ದಗಳು, ಮೂಗಿನ ಹೊಳ್ಳೆಗಳು. ತೀರ ಮೇಲೆ ಧ್ವಜದ ಕಂಬದ ತುದಿ ಮತ್ತು ಅಂಗೈಯಗಲದ ಆಕಾಶ. ಎಲ್ಲ ಕಡೆಯಿಂದ ತೋಳುಗಳು ಚಾಚಿದ್ದವು, ಪ್ರತಿ ತೋಳಿನ ತುದಿಯಲ್ಲೂ ಕೀಲಿಕೈ. ಹಾಳೆಯ ಕೆಳಗೆ, ನೋಡುವವರದೇ ಎಂಬಂತೆ, ಬಿಗಿದ ಒಂದು ಸಣ್ಣ ಮುಷ್ಟಿ. ಅವುಗಳಲ್ಲಿ ಉದ್ದನೆಯ ಕಬ್ಬಿಣದ ಕೀಲಿಕೈ ಚಿತ್ರಕಲಾ ಕೊಠಡಿಯ ಬೀರುವಿನದು, ಅದನ್ನು ಹಿಡಿದವನು ನಾನು. ನನ್ನ ಮೂಗಿನ ಹೊಳ್ಳೆಗಳನ್ನು ಅಷ್ಟು ಖರೆಯಾಗಿ ನನ್ನ ಹೆಂಡತಿಯೂ ನೋಡಿರಲಿಕ್ಕಿಲ್ಲ.

ಹೆಡ್ ಮಾಸ್ತರರು ಕನ್ನಡಕ ಏರಿಸಿ ನೋಡಿ ಹಾಳೆಯನ್ನು ಹಿಂದಕ್ಕೆ ತಳ್ಳಿದರು.

‘ಏನ್ರಿ ಸರ್ ಇದು? ನೆಮ್ಮದಿ ಚಿತ್ರ ತಗೀರಿ ಅಂದ್ರ ಸತ್ತವರ ಮನಿ ಚಿತ್ರ ತಗದಾಳಲ್ಲ.’

‘ಇದನ್ನ ಕಳಸೂಣ್ರಿ’ ಎಂದೆ.

‘ಭೂಗೋಳದ್ದು ಭಾಳ ಛಲೋ ಐತಿ.’

‘ಭೂಗೋಳ ಎಲ್ಲಾ ಸಾಲಿಯಿಂದನೂ ಬರ್ತಾವ್ರಿ. ಇದು ನಮ್ಮ ಅಂಗಳದ್ದು. ಇದ ಹೋಗಬೇಕು.’

ಒಂದು ವಾರ ನಾನು ಅವರ ಬೆನ್ನು ಬಿಡಲಿಲ್ಲ. ಕೊನೆಗೆ ಅವರು, ‘ಹೋಗಲಿ ಮಾರಾಯ್ರ, ಆದ್ರ ನೋಡಿದವರಿಗೆ ಸ್ವಲ್ಪ ಸಮಾಧಾನ ಆಗೂಹಂಗ ಕೈ ಆಡಸ್ರಿ’ ಎಂದು ಒಪ್ಪಿದರು. ಆ ಮಾತಿಗೆ ನನ್ನ ತಕರಾರೇನೂ ಇರಲಿಲ್ಲ, ಅದನ್ನು ಒತ್ತಿ ಹೇಳಬೇಕು. ಭಾನುವಾರ ಊಟವಾದ ಮೇಲೆ ಮನೆಯ ಪಡಸಾಲೆಯಲ್ಲಿ ಹಾಳೆ ಹರಡಿಕೊಂಡು ಕೂತೆ. ಆ ಒಂಟಿ ಮುಷ್ಟಿಯನ್ನು ನೋಡಿ ನನಗೇ ತಡೆಯಲಾಗಲಿಲ್ಲ. ಪಕ್ಕದಲ್ಲಿ ಇನ್ನೊಂದು ಕೈ ಬರೆದೆ, ಆ ಮುಷ್ಟಿಯನ್ನು ಮೆತ್ತಗೆ ಹಿಡಿದ ಕೈ. ಬಳೆ ತೊಡಿಸಿದೆ. ಉಗುರಿಗೆ ಬೆಳಕು ಕೊಟ್ಟೆ. ಸಂಜೆ ಚಹಾ ತಂದ ಹೆಂಡತಿ ನೋಡಿ, ‘ಎಷ್ಟ ಛಂದ ಬಂದೈತಿ ಕೈ’ ಅಂದಳು. ನನಗೆ ಆ ವಾರಕ್ಕೆ ಅಷ್ಟು ಸಾಕಿತ್ತು.

ಸೋಮವಾರ ಹುಡುಗಿಯನ್ನು ಕರೆದು ತೋರಿಸಿದೆ. ಶಾಲೆಯಿಂದ ನಿನ್ನದೇ ಹೋಗುತ್ತಿದೆ ಎಂದೆ. ಅವಳು ಖುಷಿಪಡಲಿಲ್ಲ. ಬಹಳ ಹೊತ್ತು ಹಾಳೆಯನ್ನು ನೋಡಿದಳು. ಎರಡು ತಿಂಗಳಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಇದು:

‘ಈ ಕೈ ಯಾರದ್ರಿ ಸರ್?’

‘ಯಾರದರ ಇರಲಿ ತಂಗಿ. ನಿನ್ನ ಗೆಳತಿದು ಅಂತ ತಿಳಕೋ.’

‘ಅವತ್ತ ಯಾರೂ ಹಿಡೀಲಿಲ್ಲರಿ.’

‘ಚಿತ್ರ ಅಂದ್ಮ್ಯಾಲ ಸ್ವಲ್ಪ ಹಂಗ ಮಾಡಬೇಕಾಗತೈತಿ.’

‘ಹಿಡದಿದ್ರ ನಾ ತಗೀತಿದ್ನಿರಿ.’

ನನಗೆ ಸಿಟ್ಟು ಬಂತು. ಮೂರು ತಾಸು ಕೂತು ಬರೆದ ಕೈ. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಅವಳ ಅಂಗೈ ಕಂಡಿತು. ಗಾಯ ಮಾಗಿ ಕೆಂಪು ಗೆರೆ ಉಳಿದಿತ್ತು. ಅದನ್ನು ಮಾಡಿದ ಕೀಲಿಕೈ ಆ ಹೊತ್ತಿನಲ್ಲೂ ನನ್ನ ಜೇಬಿನಲ್ಲೇ ಇತ್ತು. ಸಿಟ್ಟು ಇಳಿದು ನಾಚಿಕೆಯಾಯಿತು, ಇಷ್ಟು ವಯಸ್ಸಿನಲ್ಲಿ ಆಗಬಾರದಷ್ಟು ನಾಚಿಕೆ. ಅವಳ ಕೈಯನ್ನು ಆ ದಿನ ಯಾರೂ ಹಿಡಿದಿರಲಿಲ್ಲ, ಈಗ ನಾನು ಯಾರೋ ಹಿಡಿದಿದ್ದರು ಎಂದು ಬಣ್ಣ ಹಚ್ಚಿ ಸುಳ್ಳು ಸಾಕ್ಷಿ ಹೇಳಿದ್ದೆ.

ಒದ್ದೆ ಹತ್ತಿಯಿಂದ ನನ್ನ ಕೈಯನ್ನು ಅಳಿಸಲು ಹೋದೆ. ಪೋಸ್ಟರ್ ಬಣ್ಣ ಕಲೆಸಿಕೊಂಡು ಅವಳ ಮುಷ್ಟಿಯ ಮೇಲೂ ಹರಿಯಿತು. ಮತ್ತೆ ಉಜ್ಜಿದೆ, ಹಾಳೆ ಜುಂಗು ಎದ್ದು ತೂತು ಬಿತ್ತು. ಕೊನೆಗೆ ಹುಡುಗಿಯೇ ನನ್ನ ಕೈಯಿಂದ ಹತ್ತಿ ತೆಗೆದುಕೊಂಡಳು.

‘ಬಿಡ್ರಿ ಸರ್. ನಾ ಇನ್ನೊಂದ ತಗೀತೀನಿ. ಆದ್ರ ಆಯಿ ಗದಗಿಗೆ ಕಳಸಾಂಗಿಲ್ಲರಿ. ಅಲ್ಲಿ ಮಂದಿ ಇರ್ತಾರ.’

‘ಆಯಿ ಕೂಡ ನಾ ಮಾತಾಡ್ತೀನಿ’ ಎಂದೆ, ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಆ ಹುಡುಗಿ ಗದಗಿಗೆ ಹೋಗಬೇಕು, ಹತ್ತನೆಯ ತರಗತಿಗೂ ಹೋಗಬೇಕು, ನಡುವೆ ಯಾರು ಅಡ್ಡ ಬಂದರೂ ಸರಿಸುತ್ತೇನೆಂದು ಅಲ್ಲೇ ನಿಶ್ಚಯಿಸಿದೆ. ಅಡ್ಡ ಬಂದವರಲ್ಲಿ ಮೊದಲನೆಯವನು ನಾನೇ ಎಂಬುದು ಗೊತ್ತಾಗಿತ್ತು.

ಸಂಜೆ ಅವರ ಮನೆಗೆ ಹೋದೆ. ಅಜ್ಜಿ ಹೊರಗಿನ ಕೋಣೆಯಲ್ಲಿ ರಾಟಿಯ ಮುಂದೆ ಕೂತು ಮಗ್ಗಕ್ಕೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದರು. ಒಳಗಿನಿಂದ ಮಗ್ಗದ ಸಪ್ಪಳ. ನನ್ನ ಮಾತು ಮುಗಿಯುವವರೆಗೂ ಅವರು ರಾಟಿ ನಿಲ್ಲಿಸಲಿಲ್ಲ.

‘ಹೆಣ್ಣ ಹುಡುಗಿ ಐತ್ರಿ ಗುರುಗಳ. ನಾಕ ಮಂದ್ಯಾಗ ನಿಂತು ನನಗ ಬ್ಯಾನಿ ಐತಿ ಅಂತ ಸಾರಬೇಕೇನು?’

‘ಮುಚ್ಚಿಟ್ರ ಬ್ಯಾನಿ ಹೋಗತೈತೇನ್ರಿ ಯವ್ವಾ?’ ನನ್ನ ದನಿ ಏರಿತ್ತು.

ಅವರು ರಾಟಿ ನಿಲ್ಲಿಸಿದರು.

‘ಮರ್ಯಾದಿಗೆ ಅಂಜಿ ಹೇಳಾಕ ಹತ್ತೀನಿ ಅಂತ ತಿಳಕೊಂಡೀರಿ ನೀವು. ಮರ್ಯಾದಿ ಹೋದ್ರ ಹೋಗಲಿ. ನನ್ನ ಕೂಸು ನೆಲದಾಗ ಬಿದ್ದು ಒದ್ದಾಡೂವಾಗ ಮಂದಿ ನೋಡಿಕೋತ ನಿಲ್ತಾರಲ್ಲ, ಅದು ನನಗ ತಡ್ಯಾಂಗಿಲ್ಲ. ಮನ್ಯಾಗ ಬಿದ್ರ ನಾ ಬಾಜೂಕ ಕುಂಡ್ರತೀನಿ.’

‘ನಾ ಬಾಜೂಕ ಇರ್ತೀನ್ರಿ.’

‘ಅವತ್ತೂ ನೀವು ಬಾಜೂಕನ ಇದ್ರಿ.’

‘ಹೌದ್ರಿ, ಇದ್ದೆ’ ಎಂದೆ. ‘ಏನ ಮಾಡಬೇಕಂತ ಗೊತ್ತಿರಲಿಲ್ಲ. ಕಲೀತೀನಿ. ಸಾಲಿ ಹುಡುಗರಿಗೂ ಕಲಸ್ತೀನಿ. ಆಮ್ಯಾಲ ಬಂದು ಕೇಳ್ತೀನಿ.’ ಅವರು ಎದ್ದು ಒಳಗೆ ಹೋಗಿ ನನಗೊಂದು ತಂಬಿಗೆ ನೀರು ತಂದುಕೊಟ್ಟರು.

ಮರುದಿನ ಸರಕಾರಿ ಆಸ್ಪತ್ರೆಗೆ ಹೋಗಿ, ಶಾಲಾ ತಪಾಸಣೆಗೆ ಬರುತ್ತಿದ್ದ ನರ್ಸ್ ಬಾಯಿಯವರನ್ನು ಹುಡುಕಿದೆ. ಕೀಲಿಕೈಯ ಸಂಗತಿ ಹೇಳಿದಾಗ ಅವರು ನಗಲಿಲ್ಲ. ‘ಕಬ್ಬಿಣದಿಂದ ಏನೂ ಆಗಾಂಗಿಲ್ಲರಿ ಸರ್. ಕೈ ಹರೀತೈತಿ ಅಷ್ಟ’ ಎಂದರು. ಒಂದು ಪಕ್ಕಕ್ಕೆ ಹೊರಳಿಸಬೇಕು, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಬೇಕು, ಕೊರಳ ಗುಂಡಿ ಸಡಿಲಿಸಬೇಕು, ಬಾಯಿಗೆ ಕೈಗೆ ಏನೂ ಕೊಡಬಾರದು, ಅದುಮಿ ಹಿಡಿಯಬಾರದು. ಗಡಿಯಾರ ನೋಡುತ್ತಿರಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಎಚ್ಚರವಾಗುವ ತನಕ ಪಕ್ಕದಲ್ಲಿ ಕೂತಿರಬೇಕು. ಇಷ್ಟೇ. ಇಷ್ಟೇ ಎಂಬುದೇ ನನಗೆ ಹೆಚ್ಚು ನೋವು ಕೊಟ್ಟಿತು.

ಒಂಬತ್ತನೆಯ ತರಗತಿಗೆ ಹೋಗುವ ಮೊದಲು ಹುಡುಗಿಯನ್ನು ಕೇಳಿದೆ, ನಿನ್ನೆದುರಿಗೇ ಹೇಳಲೇ, ನೀನಿಲ್ಲದಾಗ ಹೇಳಲೇ ಎಂದು. ‘ನಾ ಇದ್ದಾಗನ ಹೇಳ್ರಿ’ ಎಂದಳು. ಆ ದಿನದ ಚಿತ್ರಕಲೆಯ ಪೀರಿಯಡ್ಡಿನಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ನಾನೇ ನೆಲದ ಮೇಲೆ ಅಂಗಾತ ಮಲಗಿದೆ. ಐವತ್ತನಾಲ್ಕು ವರ್ಷದ, ಹೊಟ್ಟೆ ಬಂದ, ಸಿಟ್ಟಿನ ಮಾಸ್ತರ ಸೀಮೆಸುಣ್ಣದ ಪುಡಿಯಲ್ಲಿ ಮಲಗಿದ್ದು ಕಂಡು ತರಗತಿ ಮೊದಲು ಬೆರಗಾಗಿ, ಆಮೇಲೆ ಕಿಸಕ್ಕೆಂದಿತು. ‘ನಗೂದು ಮುಗದಿದ್ರ ಬಂದು ಹೊಳ್ಳಸ್ರಿ ನನ್ನ’ ಎಂದೆ. ನಾಲ್ವರು ಸೇರಿ ಹೊರಳಿಸಿದರು. ಮಲಗಿ ಮೇಲೆ ನೋಡಿದಾಗ ಅವಳ ಚಿತ್ರದಲ್ಲಿದ್ದ ಗದ್ದಗಳು, ಹೊಳ್ಳೆಗಳು ಎಲ್ಲ ಹಾಗೆಯೇ ಕಂಡವು.

ಉದ್ದ ಜಡೆಯ ಹುಡುಗಿ ದೂರದಲ್ಲೇ ನಿಂತು ಕೇಳಿದಳು, ‘ಮುಟ್ಟಿದ್ರ ನಮಗ ಬರಾಂಗಿಲ್ಲೇನ್ರಿ ಸರ್?’

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಉತ್ತರ ಬಂತು. ‘ಬರಾಂಗಿಲ್ಲ. ನಮ್ಮ ತಮ್ಮ ದಿನಾ ನನ್ನ ಬಾಜೂಕ ಮಲಗ್ತಿದ್ದ. ಅವಗೇನೂ ಬಂದಿಲ್ಲ.’ ತರಗತಿ ಅವಳ ಕಡೆ ತಿರುಗಿತು. ಅವಳು ನೆಲ ನೋಡಲಿಲ್ಲ. ಉದ್ದ ಜಡೆಯವಳು ‘ನಮ್ಮವ್ವ ಹಂಗ ಹೇಳಿದ್ಲು’ ಎಂದಳು, ಯಾರಿಗೂ ಅಲ್ಲ ಎಂಬಂತೆ.

ಆ ವಾರ ಮೂರು ತರಗತಿಗಳಲ್ಲಿ ನೆಲಕ್ಕೆ ಮಲಗಿದೆ. ಅಂಗಿಗಳನ್ನು ಒಗೆದು ಒಗೆದು ಹೆಂಡತಿಗೆ ಸಾಕಾಯಿತು. ಹೆಡ್ ಮಾಸ್ತರರು ಕಿಟಕಿಯಿಂದ ನೋಡಿ ಹಾಗೇ ಹೋದರು, ಆಮೇಲೆ ಸ್ಟಾಫ್ ರೂಮಿನಲ್ಲಿ ತಾವೂ ಕೇಳಿ ತಿಳಿದುಕೊಂಡರು. ಮತ್ತೆ ಬೆಟಗೇರಿಯ ಆ ಓಣಿಗೆ ಹೋಗುವ ಹೊತ್ತಿಗೆ ಸುದ್ದಿ ನನಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು. ‘ನೀವ ನೆಲಕ್ಕ ಮಲಗಿದ್ರಂತಲ್ರಿ’ ಎಂದರು ಅಜ್ಜಿ. ಗದಗಿಗೆ ಕಳಿಸಲು ಒಪ್ಪಿದರು. ಆದರೆ ಬಿದ್ದರೆ ಶಾಲೆ ಬಂದ್ ಎಂಬ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಇತ್ತ ಹುಡುಗಿ ಎರಡನೆಯ ಚಿತ್ರ ಶುರುಮಾಡಿದ್ದಳು. ಬಣ್ಣದ ಡಬ್ಬಿ, ಹಾಳೆ ಕೊಟ್ಟು ನಾನು ಪಕ್ಕಕ್ಕೆ ನಿಂತೆ. ಅವಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.

‘ಯಾಕ?’ ಎಂದೆ.

‘ನೀವು ಹೊರಗ ನಿಂದರ್ರಿ ಸರ್.’

ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ನನ್ನದೇ ಕೊಠಡಿಯಿಂದ ಹೊರಗೆ ಹಾಕಿದವರು ಯಾರೂ ಇರಲಿಲ್ಲ. ಮೂರು ಸಂಜೆ ವರಾಂಡದಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದೆ. ಮುಗಿದ ಮೇಲೆ ನೋಡಿದರೆ ಅದೇ ಬೂಟುಗಳು, ಅದೇ ಹೊಳ್ಳೆಗಳು, ಅದೇ ಕೀಲಿಕೈಗಳು. ಆದರೆ ಉಂಗುರದ ಒಂದು ಕಡೆ, ಮುಷ್ಟಿಯ ಹತ್ತಿರ, ಒಬ್ಬರು ಕೂಡುವಷ್ಟು ಜಾಗವನ್ನು ಬಿಳಿಯಾಗಿ ಬಿಟ್ಟಿದ್ದಳು. ಬಣ್ಣವಿಲ್ಲ, ಗೆರೆಯಿಲ್ಲ. ನನ್ನ ಕೈ ತುರಿಸಿತು, ಸುಳ್ಳು ಹೇಳುವುದಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ‘ಹಂಗ ಇರಲಿ’ ಎಂದೆ.

ಸ್ಪರ್ಧೆಯ ದಿನ ಗದಗಿನ ಸಭಾಭವನದಲ್ಲಿ ಜಿಲ್ಲೆಯ ಚಿತ್ರಕಲಾ ಮಾಸ್ತರರೆಲ್ಲ ಕೂಡಿದ್ದರು. ಹಗ್ಗದುದ್ದಕ್ಕೂ ಬಲಕ್ಕೆ ವಾಲಿದ ಮರಗಳು, ನಗುವ ಸೂರ್ಯ, ನುಣುಪಾದ ಆಕಾಶ. ಲಕ್ಷ್ಮೇಶ್ವರದವರು ನಮ್ಮ ಚಿತ್ರದ ಮುಂದೆ ನಿಂತು ತಲೆ ಕೆರೆದುಕೊಂಡರು. ‘ಏನ್ರಿ, ಈ ಸಲ ಕೈ ಆಡಸೂದು ಮರತ್ರೇನು?’ ಎಂದು ಕಿವಿಯಲ್ಲಿ ಕೇಳಿದರು. ‘ಆಡಸಿದ್ದೆ, ಹುಡುಗಿ ನನ್ನನ್ನ ಹೊರಗ ಹಾಕಿದ್ಲು’ ಎಂದೆ. ಅವರು ಚೇಷ್ಟೆಯೆಂದು ನಕ್ಕರು.

ಅವಳ ಸರದಿ ಬಂದಾಗ ನಾನು ಚಿತ್ರದಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವಳ ದನಿ ಮೊದಲು ಯಾರಿಗೂ ಕೇಳಿಸಲಿಲ್ಲ. ಆಯೋಜಕರೊಬ್ಬರು ಮೈಕ್ ಹತ್ತಿರ ತಂದರು. ‘ಇದು ನಾನು ಬಿದ್ದಾಗ ನನಗ ಕಂಡಿದ್ದು’ ಎಂದು ಶುರುಮಾಡಿ, ತನಗೆ ಫಿಟ್ಸ್ ಬರುವುದನ್ನು, ಎಚ್ಚರವಾಗುವಾಗ ಮೊದಲು ಬೂಟುಗಳು ಕಾಣುವುದನ್ನು, ಆಮೇಲೆ ತಿಂಗಳುಗಟ್ಟಲೆ ಒಬ್ಬಳೇ ಊಟ ಮಾಡಿದ್ದನ್ನು ಹೇಳಿದಳು. ಯಾರನ್ನೂ ಬೈಯಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಬೇರೆ ಶಾಲೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು.

‘ಈಗ ನಿನಗ ಆರಾಮ ಆಗೇತೇನು?’

‘ಇಲ್ಲ. ಗುಳಿಗಿ ತಗೋತೀನಿ, ಕಮ್ಮಿ ಆಗೇತಿ. ಮತ್ತ ಬರಬಹುದು.’

‘ಬಂದ್ರ?’

‘ಬಂದ್ರ ಬೀಳತೀನಿ. ಆಮ್ಯಾಲ ಏಳತೀನಿ.’

ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಶಿಕ್ಷಕರು ಚಿತ್ರದ ಬಿಳಿ ಜಾಗಕ್ಕೆ ಪೆನ್ನು ತೋರಿಸಿದರು. ‘ಇಲ್ಲಿ ಬಣ್ಣ ಹಚ್ಚೂದು ಮರತಿ ಏನವಾ?’

‘ಮರತಿಲ್ಲರಿ. ಅದು ಕುಂಡ್ರಾಕ ಬಿಟ್ಟ ಜಾಗಾರಿ.’

‘ಯಾರು ಕುಂಡ್ರಾಕ?’

‘ಯಾರು ಬರ್ತಾರೋ ಅವರು.’

ಅವರು ಏನನ್ನೋ ಬರೆದುಕೊಂಡು ಮುಂದಿನ ಚಿತ್ರಕ್ಕೆ ಹೋದರು. ಬಹುಮಾನ ಬರಲಿಲ್ಲ. ಮೊದಲನೆಯದು ಮುಂಡರಗಿಯ ಆಕಾಶಕ್ಕೆ ಹೋಯಿತು, ಆ ಆಕಾಶ ಚೆನ್ನಾಗಿಯೇ ಇತ್ತು. ಸಿಟಿ ಬಸ್ಸಿನಲ್ಲಿ ಬೆಟಗೇರಿಗೆ ಮರಳುವಾಗ ಅವಳು ಪ್ರಮಾಣಪತ್ರವಿಲ್ಲದ ಸುರುಳಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ನನಗೆ ಬಹುಮಾನದ ಬೇಸರವಿರಲಿಲ್ಲ. ದಿನ ಬೀಳದೆ ಕಳೆಯಿತಲ್ಲ ಎಂಬ ನಿರಾಳವಿತ್ತು, ಆ ನಿರಾಳದ ಬಗ್ಗೆ ನಾಚಿಕೆಯೂ ಇತ್ತು. ನಾನು ಕಾಯುತ್ತಿದ್ದದ್ದು ಅವಳು ಬೀಳದಿರಲಿ ಎಂದು. ಅವಳು ಕೇಳಿದ್ದು ಅದನ್ನಲ್ಲ.

ಆ ಚಿತ್ರವನ್ನು ತರಗತಿಯ ಗೋಡೆಗೆ ಹಚ್ಚಿದೆವು. ಉದ್ದ ಜಡೆಯವಳು ಒಂದು ದಿನ ಯಾರೂ ಹೇಳದೆ ಪಾಟೀಚೀಲ ತಂದು ಹಳೆಯ ಬೆಂಚಿಗೆ ಇಟ್ಟಳು. ಗೆಳತಿಯರಾದರೆಂದು ಹೇಳಲಾರೆ. ಮೊದಲ ವಾರ ಇಬ್ಬರೂ ಜಗಳವಾಡಿದ್ದೇ ಹೆಚ್ಚು, ಕಂಪಾಸ್ ಪೆಟ್ಟಿಗೆಗೆ, ಕಿಟಕಿಯ ಬದಿಗೆ. ನನಗೆ ಆ ಜಗಳ ಕೇಳಿ ಕಿವಿ ತಂಪಾಯಿತು.

ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಊಟದ ಬಿಡುವು ಮುಗಿದು ಪಾಠ ಶುರುವಾಗಿತ್ತು. ನಾನು ಎಂಟನೆಯ ತರಗತಿಯಲ್ಲಿದ್ದೆ. ಹುಡುಗನೊಬ್ಬ ಬಾಗಿಲಿಗೆ ಬಂದು, ‘ಸರ್, ಅಕಿಗೆ ಬಂದೈತ್ರಿ’ ಎಂದ. ಸೀಮೆಸುಣ್ಣ ಎಸೆದು ಓಡಿದೆ. 

ಒಂಬತ್ತನೆಯ ತರಗತಿಯಲ್ಲಿ ಬೆಂಚುಗಳು ಆಗಲೇ ಗೋಡೆಗೆ ಸರಿದಿದ್ದವು. ಹುಡುಗಿ ನೆಲದ ಮೇಲೆ ಪಕ್ಕಕ್ಕೆ ಹೊರಳಿ ಮಲಗಿದ್ದಳು, ತಲೆಯ ಕೆಳಗೆ ಯಾರದೋ ಮಡಚಿದ ಸ್ವೆಟರ್. ಉದ್ದ ಜಡೆಯವಳು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಗೋಡೆಯ ಗಡಿಯಾರ ನೋಡುತ್ತ ನಿಮಿಷ ಎಣಿಸುತ್ತಿದ್ದಳು. ಗಣಿತದ ಮಾಸ್ತರರು ಫೋನ್ ಹಿಡಿದು ನಿಂತಿದ್ದರು. ಉಳಿದವರೆಲ್ಲ ಗೋಡೆಗೆ ಒರಗಿದ್ದರು, ಉಂಗುರವಿರಲಿಲ್ಲ. ನಾನು ಹತ್ತಿರ ನುಗ್ಗಿದಾಗ ಉದ್ದ ಜಡೆಯವಳು ತಲೆಯೆತ್ತದೆ ಕೈ ಅಡ್ಡ ಹಿಡಿದಳು.

‘ಹಿಂದ ಸರೀರಿ ಸರ್, ಗಾಳಿ ಬರಲಿ. ಎರಡೂವರಿ ನಿಮಿಷ ಆತು.’

ಸರಿದೆ. ಮೂರನೆಯ ನಿಮಿಷಕ್ಕೆ ಅದುರುವುದು ನಿಂತಿತು. ಅವಳು ಕಣ್ಣು ಬಿಟ್ಟಾಗ ಎದುರಿಗೆ ಬೂಟುಗಳಿರಲಿಲ್ಲ, ಒಂದು ಮುಖವಿತ್ತು. ಆ ಮುಖ, ‘ಮನಿಗೆ ಹೇಳಿ ಕಳಿಸ್ಯಾರ, ಹಂಗ ಮಲಕ್ಕೊ’ ಎಂದಿತು.

ಅರ್ಧ ಗಂಟೆಯೊಳಗೆ ಅಜ್ಜಿ ಬಂದರು, ಸೀರೆಗೆ ನೂಲಿನ ಎಳೆಗಳು ಅಂಟಿಕೊಂಡಿದ್ದವು. ಹುಡುಗಿ ಬೆಂಚಿನ ಮೇಲೆ ತಲೆಯಿಟ್ಟು ಒರಗಿದ್ದಳು. ಅಜ್ಜಿ ಅವಳ ಹಣೆ, ಕೆನ್ನೆ ಸವರಿ, ಎರಡೂ ಅಂಗೈಗಳನ್ನು ಬಿಡಿಸಿ ನೋಡಿದರು. ಆಮೇಲೆ ನೆಟ್ಟಗೆ ನಿಂತರು.

‘ಏಳವ್ವಾ, ಮನಿಗೆ ನಡಿ. ಸಾಕಾತು ಸಾಲಿ.’

ನಾನು ನಾಲ್ಕು ತಿಂಗಳಿಂದ ಈ ಗಳಿಗೆಗಾಗಿ ವಾದಗಳನ್ನು ಕೂಡಿಟ್ಟಿದ್ದೆ. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಹುಡುಗಿ ತಲೆಯೆತ್ತದೆಯೇ ದಣಿದ ದನಿಯಲ್ಲಿ ಹೇಳಿದಳು.

‘ಇನ್ನೂ ಎರಡ ಪೀರಿಯಡ್ ಅದಾವ ಆಯಿ.’

ನಾನು ಬಾಯಿ ಮುಚ್ಚಿದೆ. ಅಜ್ಜಿ ಮೊಮ್ಮಗಳನ್ನು ನೋಡಿದರು, ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದ ಉದ್ದ ಜಡೆಯವಳನ್ನು ನೋಡಿದರು. ಅವರು ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ವರಾಂಡದ ಮೆಟ್ಟಿಲ ಮೇಲೆ ಕೂತರು. ಎರಡು ಪೀರಿಯಡ್ಡೂ ಅಲ್ಲಿಂದ ಕದಲಲಿಲ್ಲ. ಒಮ್ಮೆ ಚಹಾ ಕಳಿಸಿದೆ, ಕುಡಿದರು.

ಸಂಜೆಯ ಗಂಟೆ ಹೊಡೆದು ಮಕ್ಕಳು ಹೊರಬಿದ್ದಾಗ ಅಜ್ಜಿ ಎದ್ದು, ಸೀರೆಯ ಧೂಳು ಕೊಡವಿಕೊಂಡು ನನ್ನ ಹತ್ತಿರ ಬಂದರು.

‘ನಾಳೆ ಶನಿವಾರ, ಮುಂಜಾನಿ ಸಾಲಿ ಅಲ್ಲೇನ್ರಿ ಗುರುಗಳ? ಎಷ್ಟಕ್ಕ ಕಳಸ್ಲಿ?’

‘ಎಂಟಕ್ಕರಿ ಯವ್ವಾ’ ಎಂದೆ.